ಬಾಲಗಂಟು

ಕತ್ತಲಲ್ಲಿ ಹಳೇ ಬಾವಿ ಪಕ್ಕದಿಂದ ಒಬ್ಬನೇ ಬರೋದು ಬೇರೆ, ಸಾಲಾಗಿ ಬರೋದು ಬೇರೆ. ಸಾಲಲ್ಲಿ ಬಂದರೆ ಹೆದರಿಕೆ ಹಂಚಿಹೋಗುತ್ತೆ, ಒಬ್ಬೊಬ್ಬನ ಪಾಲಿಗೆ ಚೂರುಚೂರು. ಆದರೆ ಸಾಲಿನ ಕೊನೆಯವನಿಗೆ ಮಾತ್ರ... ಅವನ ಬೆನ್ನ ಹಿಂದೆ ಯಾರೂ ಇರಲ್ಲ ನೋಡಿ. ಉಳಿದದ್ದೆಲ್ಲ ಅವನದೇ.

ಆ ರಾತ್ರಿ ಕೊನೆಯವನು ನಮ್ಮ ದೊಡ್ಡಪ್ಪನ ಮಗ. ಮನೆಯಲ್ಲಿ ಅವನಿಗೊಂದು ಒಳ್ಳೆ ಹೆಸರಿದೆ, ಆದರೆ ಹಾಗೆ ಕರೆದರೆ ಅವನೇ ತಿರುಗಿ ನೋಡಲ್ಲ. ಎಲ್ಲರೂ ಕರೆಯೋದು ಮಿಡತೆ. ಕೂತಲ್ಲಿ ಕೂರೋನಲ್ಲ, ನಿಂತಲ್ಲಿ ನಿಲ್ಲೋನಲ್ಲ. ಮಲಗಿದವರ ಮೂಗಿಗೆ ಹಲ್ಲುಜ್ಜೋ ಪೇಸ್ಟ್ ಹಚ್ಚೋದರಲ್ಲಿ ಅವನನ್ನ ಮೀರಿಸೋರು ಹುಟ್ಟಿಲ್ಲ.

ಅವನು ಓದ್ತಿದ್ದದ್ದು ಗುಡ್ಡದ ಬುಡದ ಒಂದು ಸಣ್ಣ ವಸತಿ ಶಾಲೆಯಲ್ಲಿ. ಕಪ್ಪುಹಲಗೆ, ಬೆಂಚು ಎಲ್ಲ ಇದ್ದವು, ಆದರೆ ಪಾಠ ಬಹಳಮಟ್ಟಿಗೆ ಬಯಲಲ್ಲೇ. ಒದ್ದೆ ಕಟ್ಟಿಗೆಗೆ ಬೆಂಕಿ ಹಚ್ಚೋದು, ನಕ್ಷತ್ರ ನೋಡಿ ದಿಕ್ಕು ಹಿಡಿಯೋದು, ಡೇರೆ ಕಟ್ಟೋದು, ಬಂಡೆ ಹತ್ತೋದು. ಪುಸ್ತಕ ಬಿಚ್ಚಿದರೆ ಆಕಳಿಸೋ ಮಿಡತೆಗೆ ಇನ್ನೇನು ಬೇಕು? ಆ ವರ್ಷ ಅವನ ತಮ್ಮನೂ ಅಲ್ಲಿಗೇ ಸೇರಿದ. ಬಟಾಣಿ. ಹೆಸರಿಗೆ ತಕ್ಕ ಹಾಗೆ ಅಷ್ಟೇ ಇದ್ದ. ಬಿಟ್ಟು ಹೋಗೋಕೆ ಬಂದ ದೊಡ್ಡಮ್ಮ ಬಸ್ ಹತ್ತೋ ಮುಂಚೆ ಮಿಡತೆಯ ಕಿವಿ ಹಿಂಡಿ ಹೇಳಿದ್ದರು. "ನಿನ್ನ ಮಂಗಾಟ ಏನಾದರೂ ಇರಲಿ. ಇವನಿಗೇನಾದರೂ ಆದರೆ ನೀನು ಮನೆಗೆ ಬರೋದೇ ಬೇಡ."

ತಮಾಷೆಗೆ ಹೇಳಿದ್ದಲ್ಲ. ಮಿಡತೆಗೂ ಅದು ಗೊತ್ತಿತ್ತು.

ಆ ಶಾಲೆಯಲ್ಲಿ ಒಂದು ರೂಢಿ. ಕೆರೆ ದಂಡೆಯಲ್ಲಿ ಡೇರೆ ಪಾಠ ಮುಗಿಸಿದ ಮೇಲೆ, ಟಾರ್ಚ್ ಇಲ್ಲದೆ, ಮಾತಿಲ್ಲದೆ, ಕತ್ತಲಲ್ಲೇ ಶಾಲೆಗೆ ನಡೆದು ಬರಬೇಕು. ಎಲ್ಲರ ಕೈಯಲ್ಲೂ ಒಂದೇ ಉದ್ದನೆ ಹಗ್ಗ. ಅದಕ್ಕೆ ತಲೆಗೊಂದು ಗಂಟು. ಮುಂದೆ ಹಗ್ಗದ ಮೇಷ್ಟ್ರು. ಗಂಟು ಅಂದರೆ ಪ್ರಾಣ ಬಿಡೋ ಮನುಷ್ಯ, ಅವರಿಗೆ ಬಾರದ ಗಂಟಿಲ್ಲ. ತಿರುವೋ ಸೇತುವೆಯೋ ಬಂದಾಗಲೆಲ್ಲ ಅವರು ಹಗ್ಗವನ್ನ ಎರಡು ಸಲ ಜಗ್ಗೋರು. ಅದು ಕೈಯಿಂದ ಕೈಗೆ ದಾಟಿ ಕೊನೆಯ ಗಂಟಿಗೆ ಬರೋದು. ಆ ಗಂಟಿಗೆ ಬಾಲಗಂಟು ಅಂತ ಹೆಸರು. ಅದನ್ನ ಹಿಡಿದವನು ತಿರುಗಿ ಒಂದು ಸಲ ಜಗ್ಗಬೇಕು. ಎಲ್ಲರೂ ಇದ್ದೀವಿ, ನಡೀರಿ ಅಂತ ಅರ್ಥ. ಉತ್ತರ ಬರಲಿಲ್ಲವೋ... ಸಾಲು ನಿಂತಲ್ಲೇ ಕೂರಬೇಕು. ಮೇಷ್ಟ್ರು ಒಬ್ಬೊಬ್ಬರನ್ನೇ ಮುಟ್ಟಿ ನೋಡ್ತಾ ಹಿಂದಕ್ಕೆ ಬರ್ತಾರೆ.

"ಇವತ್ತು ಬಾಲಗಂಟು ನಿನಗೆ," ಅಂದರು ಮೇಷ್ಟ್ರು, ಮಿಡತೆಗೆ. "ನಿನ್ನ ಮುಂದೆ ನಿನ್ನ ತಮ್ಮ. ಆಗುತ್ತಾ?"

"ಆರಾಮಾಗಿ, ಸಾರ್."

"ಬಾಲ ಬಿಚ್ಚಿದೆಯೋ, ನೋಡು ಮತ್ತೆ."

"ಅಯ್ಯೋ, ನಾನಾ ಸಾರ್?"

ಬೆಳಗ್ಗೆಯೇ ಅವನು ಒಂದು ಬಿಳಿ ಹೊದಿಕೆ ತಗೊಂಡು ಹೋಗಿ ಹಳೇ ಬಾವಿಯ ಕಟ್ಟೆ ಹಿಂದೆ ಬಚ್ಚಿಟ್ಟು ಬಂದಿದ್ದ. ಅವನ ಲೆಕ್ಕ ಹೀಗೆ. ದಾರಿ ಇಳಿಜಾರು ಇಳಿದು, ಹೊಲ ಸುತ್ತಿ, ಬಾವಿ ಹತ್ತಿರ ತಿರುಗುತ್ತೆ. ಹೊಲದ ನಡುವೆ ನುಗ್ಗಿದರೆ ಅರ್ಧಕ್ಕರ್ಧ ದಾರಿ ಉಳಿತಾಯ. ಇಳಿಜಾರಿನ ಮೇಲೆ ಹಗ್ಗ ಬಿಟ್ಟು ಓಡಿ ಬಾವಿ ಸೇರೋದು. ತಿರುವಲ್ಲಿ ಮೇಷ್ಟ್ರು ಜಗ್ಗುತ್ತಾರೆ, ಬಾಲದಿಂದ ಉತ್ತರ ಬರಲ್ಲ, ಸಾಲು ಬಾವಿ ಪಕ್ಕದಲ್ಲೇ ಕೂರುತ್ತೆ. ಆಗ ಹೊದಿಕೆ ಹೊದ್ದು ಮೆಲ್ಲಗೆ ಎದ್ದು ನಿಲ್ಲೋದು. ಶಾಲೆಯ ನಿಯಮಾನೇ ತಿರುಚಿ ಶಾಲೆಗೇ ಟೋಪಿ. ಹಿಂದೆ ಹಗ್ಗ ಸಡಿಲಾದರೆ ಬಟಾಣಿಗೆ ಗೊತ್ತಾಗುತ್ತಲ್ಲ, ಅದಕ್ಕೂ ಉಪಾಯ ಇತ್ತು. ತನ್ನದೇ ಕಾಲುಚೀಲದೊಳಗೆ ಒಂದು ಕಲ್ಲು ತುಂಬಿ ಬಾಲಗಂಟಿಗೆ ಕಟ್ಟೋದು. ಒಗೆದು ಎಷ್ಟು ದಿನ ಆಗಿತ್ತೋ ಆ ಚೀಲ, ದೆವ್ವ ಕೂಡ ಮೂಸಿ ನೋಡಲ್ಲ ಅಂತ ತನ್ನಷ್ಟಕ್ಕೇ ನಕ್ಕ.

ಅಮಾವಾಸ್ಯೆ ಕತ್ತಲು. ಸಾಲು ಹೊರಟಿತು. ಸರ್... ಸರ್... ಒಣಹುಲ್ಲಿನ ಮೇಲೆ ಕಾಲುಗಳು. ಯಾರೋ ಮೂಗು ಸೇದಿದರು. ದೂರದಲ್ಲಿ ಕಪ್ಪೆ ವಟಗುಟ್ಟಿ ಗಪ್ಪನೆ ನಿಂತಿತು. ಇಳಿಜಾರು ಬಂತು. ಮಿಡತೆ ನಡೀತಾನೇ ಕಾಲುಚೀಲ ಕಟ್ಟಿದ, ಮೆಲ್ಲಗೆ ನೆಲಕ್ಕೆ ಬಿಟ್ಟ. ಕಲ್ಲು ಹುಲ್ಲಲ್ಲಿ ಎಳಕೊಂಡು ಹೋಯಿತು. ಬಟಾಣಿಯ ಪುಟ್ಟ ಬೆನ್ನು ಕತ್ತಲಲ್ಲಿ ಕರಗಿತು.

ಮಿಡತೆ ಹೊಲಕ್ಕೆ ಹಾರಿದ.

ಬಾವಿ ಕಟ್ಟೆ ಹಿಂದೆ ಕುಕ್ಕರುಗಾಲಲ್ಲಿ ಕೂತು ಹೊದಿಕೆ ಹೊದ್ದುಕೊಂಡ. ಕಟ್ಟೆಯ ಕಲ್ಲು ಬೆನ್ನಿಗೆ ತಣ್ಣಗೆ. ಬಾವಿಯೊಳಗೆ ಏನೋ ಟಿಳಕ್ ಅಂತ ಹನಿಯಿತು. ಮತ್ತೆ ಟಿಳಕ್. ಸಾಲು ಬರಲೇ ಇಲ್ಲ. ಅವನು ಎಣಿಸಿದ್ದಕ್ಕಿಂತ ತುಂಬಾ ಹೊತ್ತಾಯಿತು. ಕಾಲು ಜೋಮು ಹಿಡೀತು. ಎಲ್ಲಾದರೂ ಸಿಕ್ಕಿಬಿದ್ದೆನಾ ಅಂದುಕೊಳ್ಳೋ ಹೊತ್ತಿಗೆ... ಸರ್... ಸರ್...

ಬಂದರು.

ಮೇಷ್ಟ್ರ ಭಾರದ ಬೂಟು ಕಟ್ಟೆಯ ಆ ಪಕ್ಕಕ್ಕೇ ಬಂದು ನಿಂತಿತು. ಹಗ್ಗ ಕಿರ್... ಕಿರ್... ಅಂತ ಎರಡು ಸಲ ಬಿಗಿಯಾಯಿತು. ಕೈಯಿಂದ ಕೈಗೆ ಹಿಂದಕ್ಕೆ ಹೋಗೋ ಸದ್ದು ಕೇಳ್ತಾ ಮಿಡತೆ ಬಾಯಿಗೆ ಹೊದಿಕೆ ತುರುಕಿಕೊಂಡು ನಗು ತಡೆದ. ಈಗ ಕೂರ್ತಾರೆ. ಈಗ... ಈಗ...

ಕಿರ್.

ಒಂದು ಸಲ. ಹಿಂದಿನಿಂದ.

ಮೇಷ್ಟ್ರ ಬೂಟು ಮುಂದಕ್ಕೆ ನಡೆಯಿತು.

ಮಿಡತೆ ಬಾಯಿಂದ ಹೊದಿಕೆ ತೆಗೆದ. ಕಲ್ಲು ಎಲ್ಲೋ ಸಿಕ್ಕಿಕೊಂಡು ಹಗ್ಗ ಜಗ್ಗಿರಬೇಕು, ಅಷ್ಟೇ, ಅಂದುಕೊಂಡ. ಹೆಜ್ಜೆಗಳು ಒಂದೊಂದೇ ಕಟ್ಟೆ ದಾಟಿದವು. ಶೂ, ಶೂ, ಶೂ. ಕೊನೆಗೆ ಬಟಾಣಿ. ಆ ಚಿಟಿಚಿಟಿ ಹೆಜ್ಜೆಯನ್ನ ಅವನು ನಿದ್ದೆಯಲ್ಲೂ ಗುರುತು ಹಿಡಿತಾನೆ.

ಬಟಾಣಿಯ ಹಿಂದೆ... ಇನ್ನೊಂದು.

ಪಚ್... ಪಚ್... ಪಚ್...

ಬರಿಗಾಲು. ಒದ್ದೆ ಬರಿಗಾಲು. ಆ ಸಾಲಲ್ಲಿ ಬರಿಗಾಲಲ್ಲಿ ಯಾರೂ ಇರಲಿಲ್ಲ. ಮಳೆ ಬಿದ್ದು ತಿಂಗಳಾಗಿತ್ತು.

ಆ ಹೆಜ್ಜೆ ಕಟ್ಟೆ ಪಕ್ಕ ಬಂದಾಗ ಒಂದು ಗಳಿಗೆ ನಿಂತಿತು. ಮಿಡತೆಯ ತಲೆಯ ಮೇಲೆಯೇ, ಕಟ್ಟೆಯ ಕಲ್ಲಿನ ಮೇಲೆ ಏನನ್ನೋ ಇಟ್ಟ ಸದ್ದು. ದೊಪ್. ಮತ್ತೆ ಪಚ್... ಪಚ್... ಹೊರಟುಹೋಯಿತು.

ಅವನು ಕೈ ಮೇಲೆತ್ತಿ ತಡಕಿದ. ಕೈಗೆ ಸಿಕ್ಕಿದ್ದು ಅವನದೇ ಕಾಲುಚೀಲ. ಒಳಗೆ ಕಲ್ಲು. ಹಗ್ಗದಿಂದ ಬಿಚ್ಚಿ, ಇವನ ವಸ್ತು ಇವನಿಗೆ ಅಂತ ಒಪ್ಪಿಸಿ ಹೋದ ಹಾಗೆ.

ಅಲ್ಲೇ ಮುದುಡಿ ಕೂತುಬಿಡೋಣ ಅನ್ನಿಸಿತು. ಆಮೇಲೆ ಸೇತುವೆ ನೆನಪಾಯಿತು.

ಬಾವಿ ದಾಟಿದರೆ ಕಾಲುವೆ. ಕಾಲುವೆಗೆ ಅಡ್ಡಲಾಗಿ ಎರಡೇ ಹಲಗೆಯ ಸೇತುವೆ, ಹಿಡಿಯೋಕೆ ಕಂಬಿ ಇಲ್ಲ. ಕೆಳಗೆ ನೀರು ದೊಡ್ಡವರಿಗೂ ಮುಳುಗುವಷ್ಟು. ಹಗಲಲ್ಲೇ ಅಲ್ಲಿ ಬಟಾಣಿ ಅಂಬೆಗಾಲಿಡ್ತಿದ್ದ. ಹಿಂದಿನಿಂದ ಯಾರಾದರೂ ಹಗ್ಗ ಒಂದು ಸಲ ಪಕ್ಕಕ್ಕೆ ಎಳೆದರೆ ಸಾಕು.

ಮಿಡತೆ ಓಡಿದ. ಹೊದಿಕೆ ಕುತ್ತಿಗೆಗೆ ಸುತ್ತಿಕೊಂಡಿದ್ದು ಕೂಡ ಗೊತ್ತಿಲ್ಲ. ಸಾಲಿನ ಪಕ್ಕಕ್ಕೆ ಬಂದ. ಬಟಾಣಿಯ ಚಿಟಿಚಿಟಿ ಕೇಳಿಸಿತು. ಅದರ ಹಿಂದೆ ಕತ್ತಲು ಬರೀ ಕತ್ತಲಾಗಿರಲಿಲ್ಲ. ದಪ್ಪಗಿತ್ತು. ಅವನು ಆ ಕಡೆ ನೋಡಲಿಲ್ಲ.

"ಬಟಾಣಿ..."

"ಶ್..."

"ಹಗ್ಗ ಬಿಟ್ಟು ಈ ಕಡೆ ಬಾ."

"ಯಾರು?"

"ನಾನು ಕಣೋ. ಅಣ್ಣ."

ಚಿಟಿಚಿಟಿ ಹೆಜ್ಜೆ ನಿಲ್ಲಲಿಲ್ಲ. ಬಟಾಣಿ ಪಿಸುಗುಟ್ಟಿದ. "ಸುಳ್ಳು. ಅಣ್ಣ ನನ್ನ ಹಿಂದೆ ಇದ್ದಾನೆ."

"ಅದು ನಾನಲ್ಲ!"

"ಹೆಗಲ ಮೇಲೆ ಕೈ ಇಟ್ಟಿದ್ದಾನೆ."

ಎಷ್ಟು ಸಲ ಮಿಡತೆ ಇವನನ್ನ ಕತ್ತಲಲ್ಲಿ ಹೆದರಿಸಿದ್ದ! ಮಂಚದ ಕೆಳಗಿಂದ, ಬಾಗಿಲ ಹಿಂದಿನಿಂದ, ಬೇರೆ ಬೇರೆ ದನಿಯಲ್ಲಿ. ಈಗ ತನ್ನ ದನಿಯಲ್ಲೇ ಕರೆದರೂ ಹುಡುಗ ನಂಬಲ್ಲ.

"ಬಟಾಣಿ, ಆಣೆ ಮಾಡಿ ಹೇಳ್ತೀನಿ..."

"ಹೋಗು. ಅಣ್ಣ ಇದ್ದಾನೆ, ನಂಗೆ ಹೆದರಿಕೆ ಇಲ್ಲ."

ಮುಂದೆ ಮೇಷ್ಟ್ರ ಬೂಟು ಹಲಗೆ ಹತ್ತಿತು. ಟಕ್... ಟಕ್... ಕೆಳಗೆ ನೀರು ಗೊಳಗೊಳ. ಮೇಷ್ಟ್ರನ್ನ ಕೂಗಿದರೆ ಸೇತುವೆ ಮೇಲಿರೋ ಮಕ್ಕಳೆಲ್ಲ ಬೆಚ್ಚಿ ಬೀಳ್ತಾರೆ. ತಮ್ಮನನ್ನ ಹಿಡಿದು ಎಳೆದರೆ ಕಿರುಚಿಕೊಂಡು ನೀರಿನ ಕಡೆಗೇ ಓಡಿದರೂ ಓಡಿದ. ಉಳಿದದ್ದು ಒಂದೇ ದಾರಿ.

ಬಟಾಣಿಯ ಹಿಂದೆ ಕೈ ಚಾಚಿ ಹಗ್ಗ ಹಿಡಿದ. ನೀರಲ್ಲಿ ನೆನೆಸಿ ತೆಗೆದ ಹಾಗೆ ಒದ್ದೆ. ಕಣ್ಣು ಮುಚ್ಚಿಕೊಂಡು ಹಗ್ಗದ ಗುಂಟ ಕೈ ಹಿಂದಕ್ಕೆ ಸರಿಸಿದ. ಒಂದು ಗೇಣು... ಇನ್ನೊಂದು ಗೇಣು... ಬಾಲಗಂಟು ಸಿಕ್ಕಿತು.

ಗಂಟಿನ ಮೇಲೆ ಬೆರಳುಗಳಿದ್ದವು.

ಸಣ್ಣ ಬೆರಳುಗಳು. ಅವನ ವಯಸ್ಸಿನವನದೇ ಇರಬೇಕು. ಬಿಗಿಯಾಗಿ, ಎಷ್ಟೋ ಕಾಲದಿಂದ ಹಿಡಿದ ಹಾಗೆ ಹಿಡಿದಿದ್ದವು.

ಅಷ್ಟರಲ್ಲಿ ಹಗ್ಗ ಎರಡು ಸಲ ಜಗ್ಗಿತು. ಸೇತುವೆ ಮೇಲಿಂದ ಮೇಷ್ಟ್ರು ಕೇಳ್ತಿದ್ದಾರೆ. ಎಲ್ಲರೂ ಇದ್ದೀರಾ?

ಆ ಬೆರಳುಗಳು ಉತ್ತರ ಕೊಡೋಕೆ ಬಿಗಿಯಾದವು.

"ಇದು ನನ್ನ ಜಾಗ," ಅಂದ ಮಿಡತೆ. ದನಿ ಅವನಿಗೇ ಕೇಳಿಸಲಿಲ್ಲ. "ನಂದೇ ತಪ್ಪು. ಇವನು ನನ್ನ ತಮ್ಮ... ದಯವಿಟ್ಟು. ನಂಗೆ ಕೊಡು."

ನೀರಿನ ಗೊಳಗೊಳ ಮಾತ್ರ. ಕಿವಿಯ ಹತ್ತಿರ ತಣ್ಣನೆ ಗಾಳಿ, ಪಾಚಿಯ ವಾಸನೆ. ಆಮೇಲೆ ಒಂದು ದನಿ... ಹುಡುಗನದೇ ದನಿ, ಸ್ವಲ್ಪ ಕೀರಲು.

"ಬಿಡಲ್ಲ ತಾನೇ?"

"ಇಲ್ಲ."

ಬೆರಳು ಒಂದೊಂದಾಗಿ ಸಡಿಲಾದವು. ಮಿಡತೆ ಗಂಟನ್ನ ಮುಷ್ಟಿಯಲ್ಲಿ ಹಿಡಿದು ಒಂದು ಸಲ ಜಗ್ಗಿದ. ಸಾಲು ಸೇತುವೆ ಮೇಲೆ ಮುಂದಕ್ಕೆ ಸಾಗಿತು. ಹಿಂದೆ ಪಚ್... ಪಚ್... ಬಾವಿ ಕಡೆಗೆ ದೂರವಾಗ್ತಾ ಹೋಯಿತು. ಅವನು ಕಿವಿಗೊಟ್ಟು ಕಾದ. ಬಾವಿ ನೀರಿಗೆ ಬಿದ್ದ ಸದ್ದು ಒಂದು ಬಂದಿದ್ದರೆ ಎಷ್ಟೋ ಸಮಾಧಾನ ಆಗ್ತಿತ್ತು. ಬರಲಿಲ್ಲ. ಹೆಜ್ಜೆ ಸುಮ್ಮನೆ ನಿಂತುಹೋಯಿತು.

ಹಲಗೆಯ ಮೇಲೆ ಬಟಾಣಿ ಅಂಬೆಗಾಲಿಟ್ಟ. ಮಿಡತೆ ಒಂದು ಕೈಯಲ್ಲಿ ಗಂಟು, ಇನ್ನೊಂದರಲ್ಲಿ ತಮ್ಮನ ಅಂಗಿ ಹಿಡಿದು ತಾನೂ ಅಂಬೆಗಾಲಿಟ್ಟ.

ಶಾಲೆಯ ಜಗಲಿಯ ದೀಪದ ಕೆಳಗೆ ಮೇಷ್ಟ್ರು ತಲೆ ಎಣಿಸಿದರು. ಸರಿಯಾಗಿತ್ತು. ಮಿಡತೆಯ ಕುತ್ತಿಗೆ ನೋಡಿ ಹುಬ್ಬೇರಿಸಿದರು. "ಇದೇನೋ ವೇಷ, ಮದುಮಗನ ಥರ?"

"ಚಳಿ, ಸಾರ್."

ಹಲ್ಲು ನಿಜವಾಗಿಯೂ ಕಟಕಟ ಅನ್ನುತ್ತಿದ್ದವು.

ಮಲಗೋ ಕೋಣೆಯಲ್ಲಿ ಬಟಾಣಿ ಮಂಚದ ಮೇಲೆ ಕೂತು ಒಂದು ಶೂ ಕಳಚಿದ. ಇನ್ನೊಂದಕ್ಕೆ ಸೆಣಸಾಡಿ ಸುಸ್ತಾಗಿ ಕಾಲು ಚಾಚಿದ. "ಅಣ್ಣಾ, ಬಿಚ್ಚು. ನೀನೇ ತಾನೇ ಕಟ್ಟಿದ್ದು."

"ಯಾವಾಗ?"

"ಇಳಿಜಾರಲ್ಲಿ. ಲೇಸ್ ಬಿಚ್ಚಿಹೋಗಿ ನಾನು ಕೂತೆನಲ್ಲ, ಸಾಲೆಲ್ಲ ನಿಂತಿತು. ನೀನು ಬಂದು ಕಟ್ಟಿದೆ. ಕೈ ಎಷ್ಟು ತಣ್ಣಗಿತ್ತು!"

ಮಿಡತೆ ಗಂಟಿಗೆ ಕೈ ಹಾಕಿದ. ಬಿಚ್ಚೋಕೆ ನೋಡಿದ, ಆಗಲಿಲ್ಲ. ಹಗ್ಗದ ಮೇಷ್ಟ್ರನ್ನ ಕರೆದ. ಅವರು ಬಟಾಣಿಯ ಕಾಲನ್ನ ತೊಡೆ ಮೇಲಿಟ್ಟುಕೊಂಡು, ದೀಪ ಹತ್ತಿರ ಎಳೆದು, ತುಂಬಾ ಹೊತ್ತು ನೋಡಿದರು. ಬೆರಳಿಂದ ಒಂದು ಸಲ ಸವರಿದರು. ಆಮೇಲೆ ಗಂಟು ಮುಟ್ಟದೆ, ಹಿಮ್ಮಡಿ ಹಿಡಿದು ಶೂ ಹಾಗೇ ಎಳೆದು ತೆಗೆದರು. ಅಷ್ಟೊತ್ತಿಗೆ ಅವರ ಹಣೆ ಬೆವೆತಿತ್ತು.

"ಇದನ್ನ ನಾನು ಕಲಿಸಿಲ್ಲ," ಅಂದರು. "ಮಲಗಿ."

ಇದು ನಡೆದದ್ದು. ಯಾರೋ ಯಾರಿಗೋ ಹೇಳಿ ಉಪ್ಪುಖಾರ ಹಚ್ಚಿದ್ದಲ್ಲ. ಮಿಡತೆಯನ್ನ ಕೇಳಿ, ಅವನು ಮಾತು ಬದಲಿಸ್ತಾನೆ. ಬಟಾಣಿಯನ್ನ ಕೇಳಿ, "ಅಣ್ಣನೇ ಕಟ್ಟಿದ್ದು" ಅಂತ ಈಗಲೂ ಹಠ ಹಿಡೀತಾನೆ. ಆ ಶೂ ದೊಡ್ಡಪ್ಪನ ಮನೆ ಅಟ್ಟದ ಮೇಲೆ ಈಗಲೂ ಇದೆ, ಬಟಾಣಿಯ ಕಾಲು ಅದಕ್ಕೆ ಹಿಡಿಸದೆ ಎಷ್ಟೋ ವರ್ಷ ಆಯಿತು. ನಾನೇ ಕೆಳಗಿಳಿಸಿ ಹಗಲು ಬೆಳಕಲ್ಲಿ ಹಿಡಿದು ನೋಡಿದ್ದೀನಿ. ಗಂಟು ಬಿಚ್ಚಬೇಕಾದರೆ ಮೊದಲು ಲೇಸಿನ ತುದಿ ಹುಡುಕಬೇಕಲ್ಲ. ಹುಡುಕಿದೆ.

ಆ ಲೇಸಿಗೆ ತುದಿಯೇ ಇಲ್ಲ.