ನಾನು ಒಲೆಗಾಕಿದ ಚೀಟಿ

...ಅಲ್ಲ ಸೌಮ್ಯ, ಬಸುರಿ ಎಂಗುಸ್ರಿಗೆಲ್ಲ ಮಾಡೋ ರಕ್ತ ಪರೀಕ್ಷೆ ಕಣವ್ವ ಅದು, ಅದ್ರಲ್ಲೇ ಎಚ್‌ಐವೀನೂ ನೋಡ್ತಾರೆ, ಅಷ್ಟೇಯ. ಆ ರೂಮಿನ್ ಮುಂದೆ ನಿನ್ ಗಂಡನ ಊರು ಬಂಡಳ್ಳಿಯೋರು ಯಾರೋ ಕುಂತವ್ರೆ ಅಂತ ವಾಪಸ್ ಬಂದ್ಬುಟ್ಯಾ? ಥೂ ನಿನ್ನ! ನಿನ್ನಜ್ಜಿ ನಂಗೇ ಆ ಕಾಯ್ಲೆ ಅದೆ ಅಂತ ಗೊತ್ತು ತಾನೆ ನಿಂಗೆ? ಒಂದ್ ಮಾತು ಮಾತ್ರ ನಾನು ಯಾರ್ಗೂ ಏಳ್ನಿಲ್ಲ. ಕುಂತ್ಕೊ, ಇವತ್ತು ಕೇಳು.

ನೀನಾಗ ಅಂಗನವಾಡಿಗೆ ಓಯ್ತಿದ್ದೆ. ನಿಮ್ ತಾತಂಗೆ ಬೇದಿ, ಜ್ವರ, ಮಗ್ಗದಲ್ಲಿ ಕುಂತ್ರೆ ಏಳಕಾಗ್ತಿರ್ನಿಲ್ಲ. ಡಾಕ್ಟ್ರು ರಕ್ತ ಪರೀಕ್ಷೆಗೆ ಅಂತ ನನ್ ಕೈಗೆ ಚೀಟಿ ಕೊಟ್ರು... ಅಲ್ಲಲ್ಲ, ತಾತಂಗೇ ಕೊಟ್ಟಿದ್ದು, ಅವ್ರು ನನ್ ಕೈಗೆ ಕೊಟ್ರು. ಆ ರೂಮಲ್ಲಿ ಎಚ್‌ಐವಿ ನೋಡ್ತಾರೆ ಅಂತ ಕೊಳ್ಳೇಗಾಲದ ನಮ್ ಮಗ್ಗದ ಬೀದಿಗೆಲ್ಲ ಗೊತ್ತು. ಮಾನ ಓಯ್ತದೆ ಅಂತ ಚೀಟಿ ಹರ್ದು ಒಲೆಗಾಕ್ದೆ. ಯಾರು? ನಾನೇಯ! ಅಷ್ಟಕ್ಕೇ ಬುಟ್ನಾ? ಅವ್ರ ತಟ್ಟೆ ಲೋಟನೂ ಬ್ಯಾರೆ ಮಾಡ್ದೆ. ಒಂದಿನ ಅವ್ರು, "ಬಾಯಾರ್ತದೆ ಕಣೆ, ದೊಡ್ ಲೋಟದಲ್ಲಿ ಕೊಡು" ಅಂದ್ರು. ಕೊಡ್ನಿಲ್ಲ. ಅದು ಎಲ್ರೂ ಕುಡಿಯೋ ಲೋಟ ಅಂತ. ಕೊನೆಗೆ ಆಸ್ಪತ್ರೆಗೆ ಸೇರ್ಸಿ ನೋಡುದ್ರೆ ಅವ್ರಿಗೂ ಅದೇ, ನಂಗೂ ಅದೇ. "ಮೊದ್ಲೇ ಬಂದಿದ್ರೆ ಮಾತ್ರೆ ಇತ್ತಲ್ಲಮ್ಮ" ಅಂದ್ರು ಡಾಕ್ಟ್ರು. ಎಂಟೇ ದಿನ ಕಣವ್ವ, ಆಮ್ಯಾಕೆ ತಾತ ಇಲ್ಲ.

ಅದಾದ್ಮೇಲೆ ನನ್ ಸರದಿ. ನನ್ ಕೆಲ್ಸ ಅಚ್ಚು ಕೆಚ್ಚೋದು. ಮುಗ್ದೋದ ಎಳೆಗೆ ಒಸ ಎಳೇನ ಒಂದೊಂದಾಗಿ ಬೆಳ್ಳಲ್ಲಿ ತಿರುಚಿ ಸೇರ್ಸದು, ನೀನೇ ನೋಡಿದ್ದೀಯಲ್ಲ. ರೇಷ್ಮೆ ಜಾರ್ತದೆ ಅಂತ ಬೆಳ್ನ ನಾಲ್ಗೆಗೆ ಮುಟ್ಟಿಸ್ಕಳದು, ನಮ್ಮತ್ತೆ ಕಾಲದಿಂದ್ಲೂ ಅಂಗೇಯ. ಎರಡ್ ದಿನ ಸೊಂಟ ಬೀಳೋಗಂಟ ಕುಂತು ಕೆಚ್ಚಿದ್ದೆ. ಬಂದ್ಲು ನೋಡು ನನ್ ವಾರಗಿತ್ತಿ ಮಾದೇವಿ! "ಇದು ಮದ್ವೆ ಸೀರೆ ಕಣಕ್ಕ, ನಿನ್ ಎಂಜ್ಲು ತಾಗಿದ್ದ ಉಟ್ರೆ ಆ ಎಣ್ಣಿಗೂ ಅಂಟ್ಕತ್ತದೆ" ಅಂದ್ಬುಟ್ಟು, ಕತ್ರಿ ತಕ್ಕಂಡು, ನನ್ ಕಣ್ಮುಂದೇಯ ಕೆಚ್ಚಿದ್ದನ್ನೆಲ್ಲ ಕರಕರ ಅಂತ ಕತ್ತರ್ಸಾಕ್ಬುಟ್ಲು! ಮೈಯೆಲ್ಲ ಉರ್ದೋಯ್ತು. ಬಾಯಿಗೆ ಬಂದಂಗೆ ಬೈಯನಾ ಅಂದ್ರೆ ತಾತನ ಬ್ಯಾರೆ ಲೋಟ ನೆಪ್ಪಿಗೆ ಬಂತು. ನಾನೇನ್ ಕಮ್ಮಿ ಮಾಡಿದ್ನಾ ತಾತಂಗೆ?

ಮಾರ್ನೇ ದಿನ ಓಗಿ ಮಾತ್ರೆ ಕೊಡೋ ನರ್ಸಮ್ಮನ್ನ ಕೇಳ್ದೆ. "ಎಂಜ್ಲಿಂದ ಬತ್ತದಾ ಅವ್ವ?"

"ಇಲ್ಲಮ್ಮ. ಎಂಜಲು, ತಟ್ಟೆ, ಲೋಟ, ಮುಟ್ಟೋದು, ಯಾವ್ದ್ರಿಂದ್ಲೂ ಬರಲ್ಲ. ನಿರೋಧ್ ಇಲ್ದೆ ಸೇರುದ್ರೆ, ಸೋಂಕಿರೋ ರಕ್ತದಿಂದ, ಸೂಜಿಯಿಂದ, ತಾಯಿಂದ ಮಗೀಗೆ ಬರಬೌದು. ಅಷ್ಟೇ."

ಅಷ್ಟೇಯಂತೆ! ಇದ್ನ ಮೊದ್ಲೇ ಯಾರಾದ್ರೂ ಏಳಿದ್ರೆ... ಏಳೋರಿದ್ರು ಕಣವ್ವ, ಕೇಳಕ್ಕೆ ನಾನೇ ಓಗ್ನಿಲ್ಲ. ಮಾದೇವಿ ಮ್ಯಾಲೆ ಕ್ವಾಪ ಇವತ್ತೂ ಅದೆ, ನನ್ ಮ್ಯಾಲೆ ಅದ್ಕಿಂತ ಜಾಸ್ತಿ ಅದೆ.

ಅವತ್ತಿಂದ ಒಂದಿನಾನೂ ತಪ್ಪಿಸ್ದೆ ಮಾತ್ರೆ ನುಂಗ್ತಿವ್ನಿ, ಕಲ್ಲುಗುಂಡಿನಂಗೆ ಇವ್ನಿ. ನಿನ್ ಮದ್ವೆ ಸೀರೆಗೂ ನಾನೇ ಕೆಚ್ಚಿದ್ದು, ಏನಾಯ್ತೇ ನಿಂಗೆ? ನಾಳೆ ಗಂಡನ್ನೂ ಕರ್ಕಂಡು ಓಗು, ಇಬ್ರೂ ರಕ್ತ ಕೊಡಿ. ಕಾಯ್ಲೆ ಇಲ್ಲ ಅಂದ್ರೆ ನೆಮ್ಮದಿಯಾಗಿ ಮನಿಕ್ಕೊ. ಅದೆ ಅಂದ್ರೆ ಈಗ್ಲೇ ಮಾತ್ರೆ ಶುರು ಮಾಡಿ, ಮಗೀಗೆ ಬರ್ದಂಗೆ ನೋಡ್ಕತ್ತಾರೆ. ಬಂಡಳ್ಳಿಯೋರು ನೋಡ್ತಾರಂತೆ, ಬಂಡಳ್ಳಿಯೋರು! ಅವ್ರೇನು ಅಲ್ಲಿಗೆ ಕಡ್ಲೆಕಾಯಿ ತಿನ್ನಕ್ಕೆ ಬಂದಿದ್ರಾ? ಮಾನ ಓಯ್ತದೆ ಅಂತ ಮನೇಲಿರೋ ಜೀವ ಕಳ್ಕಬಾರ್ದು ಕಣವ್ವ.