ಇಪ್ಪತ್ನಾಲ್ಕು ಉಂಗುರದ ಪರೀಕ್ಷೆ

ಕೋಲ್ಕತ್ತದ ಆಸ್ಪತ್ರೆಯಲ್ಲಿ ಮಂಡಿನೋವಿನ ಶಿಬಾನಿ ಎಕ್ಸ್‌ರೇ ಸರದಿಗೆ ಕಾಯುತ್ತಿದ್ದಳು. ಪಕ್ಕದ ಬೆಂಚಿನಲ್ಲಿ ಕೊಡೆ ಹಿಡಿದ ಮುದುಕರೊಬ್ಬರು ಹೆಂಡತಿಗೆ ತಮ್ಮ ಎಕ್ಸ್‌ರೇ ಫಿಲ್ಮ್ ತೋರಿಸಿ ಬೀಗುತ್ತಿದ್ದರು.

"ನೋಡೇ! ಐದು ದಿನದ ಹಿಂದೆ ಮಾತ್ರೆಯೊಳಗೆ ನುಂಗಿದ್ದು ಇಪ್ಪತ್ನಾಲ್ಕು ಪುಟಾಣಿ ಉಂಗುರ. ಹೊಟ್ಟೇಲಿ ಒಂದೂ ಉಳಿದಿಲ್ಲ. ಪೂರ್ತಿ ಅಂಕ!"

"ಉಳಿಯೋದೆಲ್ಲಿಂದ? ಎರಡು ಹೊತ್ತೂ ಬಿಲ್ವದ ಹಣ್ಣಿನ ಪಾನಕ, ಮಲಗೋವಾಗ ಇಸಬ್ಗೋಲು. ಹೊಟ್ಟೆ ಸಡಿಲ ಮಾಡೋಂಥದ್ದೇನೂ ಮುಟ್ಬೇಡಿ ಅಂದಿರ್ಲಿಲ್ವ ಡಾಕ್ಟರು?"

"ಪರೀಕ್ಷೆ ಅಂದ್ಮೇಲೆ ತಯಾರಿ ಬೇಡ್ವೇನೇ? ಮೂವತ್ತು ವರ್ಷ ಹೆಡ್‌ಮಾಸ್ಟರಾಗಿದ್ದೋನು ನಾನು!"

"ನಿಮ್ಮ ಕರುಳು ಎಷ್ಟು ನಿಧಾನ ಅಂತ ಅಳೆಯೋಕೆ ಕೊಟ್ಟಿದ್ದು ಅದು. ಈಗ 'ಸಮಾದ್ದಾರ್ ಬಾಬು, ನಿಮಗೇನೂ ಆಗಿಲ್ಲ' ಅಂತ ಮನೆಗೆ ಕಳಿಸ್ತಾರೆ."

ಮುದುಕರ ಮುಖ ಸಪ್ಪಗಾಯಿತು.

"ಏನೂ ಆಗಿಲ್ವಾ? ಇಪ್ಪತ್ತು ವರ್ಷದಿಂದ ದಿನಾ ಬೆಳಿಗ್ಗೆ ಗಂಟೆಗಟ್ಲೆ ಕೂತು ಒದ್ದಾಡ್ತಿರೋದು?"

"ಅದು ಇಡೀ ಬೀದಿಗೆ ಗೊತ್ತು. ಎಕ್ಸ್‌ರೇಗೆ ಗೊತ್ತಿಲ್ಲ."

ಒಳಗಿನಿಂದ ಶಿಬಾನಿಯ ಹೆಸರು ಕೂಗಿದರು. ಅವಳು ಏಳಲಿಲ್ಲ.

"ಈಗೇನೇ ಮಾಡೋದು?"

"ಕಾಪಿ ಹೊಡೆದೆ ಅಂತ ಒಪ್ಕೊಳ್ಳಿ. ಮತ್ತೆ ಪರೀಕ್ಷೆ ಮಾಡ್ತಾರೆ."

"ಕಾಪಿನಾ? ನಾನಾ? ಅದಕ್ಕೇಂತ ಎಷ್ಟು ಹುಡುಗರನ್ನ ಬಿಸಿಲಲ್ಲಿ ನಿಲ್ಲಿಸಿದ್ದೀನಿ ಗೊತ್ತಾ?"

"ಗೊತ್ತು. ಏಳಿ."

ಇಬ್ಬರೂ ಎದ್ದರು. ಮೊಮ್ಮಗನ ವಯಸ್ಸಿನ ಡಾಕ್ಟರ ಬಾಗಿಲಲ್ಲಿ ಮುದುಕರು ನಿಂತು, ಕೊಡೆಯನ್ನು ಹೆಂಡತಿಯ ಕೈಗಿತ್ತು, ಫಿಲ್ಮನ್ನು ಬೆನ್ನ ಹಿಂದೆ ಅಡಗಿಸಿಕೊಂಡು, ತಲೆ ತಗ್ಗಿಸಿ ಕೇಳಿದರು:

"ಒಳಗೆ ಬರ್ಲಾ ಸಾರ್?"