ಲಾಲ್ ಅಹ್ಮದ್ ಸಮುದ್ರದ ದಂಡ್ಯಾಗ ತಗೊಂಡ ಮನಿ

ಬಾಗಲ ಜರಾ ಮುಂದ ಮಾಡ್ರಿ... ಗಾಳಿ ಬರಾಕತ್ತದ. ಹಾಂ. ಈಗ ಕುಂದ್ರಿ. ನಡಬರಕ "ಆಮ್ಯಾಲ? ಆಮ್ಯಾಲ?" ಅಂತ ಬಾಯಿ ಹಾಕಬ್ಯಾಡ್ರಿ, ನನಗ ಸಿಟ್ಟ ಬರ್ತದ. ಇದು ಕಟ್ಟಿದ ಕತಿ ಅಲ್ಲ. ನಮ್ಮ ರಾವೂರಾಗ, ನನ್ನ ಮನಿ ಗೋಡಿಗಿ ಗೋಡಿ ಹಚ್ಚಿ ಇರೂ ಲಾಲ್ ಅಹ್ಮದಗ ಆಗಿದ್ದು. ನಾ ಗುರುಲಿಂಗಪ್ಪ, ಮೂವತ್ತ ವರ್ಷ ಈ ಊರಾಗ ಟಪಾಲ ಹಂಚೀನಿ. ಒಬ್ಬರ ಕಾಗದ ಇನ್ನೊಬ್ಬರಿಗಿ ಕೊಟ್ಟಾಂವ ಅಲ್ಲ. ಸುಳ್ಳ ಹೇಳಿ ನನಗೇನ ಆಗಬೇಕಾಗ್ಯಾದ?

ಎಂಬತ್ತನೇ ಇಸವಿ. ದೀಪಾವಳಿ ಆಗಿ ಒಂದ ವಾರ.

ಕಡೀ ಬಸ್ಸು ಲಾಲ್ ಅಹ್ಮದನ್ನ ಡಾಂಬರ ರಸ್ತೇದ ಮ್ಯಾಲ ಇಳಿಸಿ ಹೋತು. ಅಂಕೋಲಾದಿಂದ ಆಚೀಕ, ಸಮುದ್ರದ ದಂಡಿಗಿ ಒಂದು ಸಣ್ಣ ಹಳ್ಳಿ. ರಸ್ತೇದಿಂದ ಅವನ ಮನಿಗಿ ಒಂದು ಮೈಲಿ ನಡೀಬೇಕು. ಗಾಳಿಮರದ ತೋಪು, ತೋಪಿನ ನಡಕ ಉಸುಕಿನ ಹಾದಿ, ಹಾದಿ ಮಗ್ಗಲಕ ಒಂದು ಹಳೀ ಬಾವಿ. ಒಂದ ಕೈಯಾಗ ಅಕ್ಕಿ ಚೀಲ, ಒಂದ ಕೈಯಾಗ ಬ್ಯಾಟ್ರಿ. ಸಮುದ್ರ ಮಾತ್ರ ಒಂದ ಸವನ ಅನಲಿಕತ್ತಿತ್ತು... ಸುಂಯ್, ಧಪ್. ಸುಂಯ್, ಧಪ್.

ತಗೊಂಡ ಮನ್ಯಾಗ ಇರಾಕ ಬಂದು ಹದಿನೈದ ದಿನ ಆಗಿತ್ತು. ಆ ಊರ ಮಂದಿ ತಮ್ಮೊಳಗ ಕೊಂಕಣಿ ಮಾತಾಡ್ತಾರ. ಅವರ ಕನ್ನಡ ಇವಗ ತಿಳಿಯಂಗಿಲ್ಲ, ಇವನ ಕನ್ನಡ ಕೇಳಿ ಅವರು ಮಾರಿ ನೋಡಿ ನಗ್ತಾರ. ಹದಿನೈದ ದಿನದಾಗ ಅವನ ಬಾಯಿಂದ ಬಂದ ಮಾತಂದ್ರ ಅಕ್ಕಿ, ಎಣ್ಣಿ, ಕಡ್ಡಿಪೆಟ್ಟಿಗಿ. ಅಷ್ಟ. ಅದಕ ಅಂವ ನಡಕೋತ ತನ್ನಷ್ಟಕ ತಾನ ಮಾತಾಡ್ತಿದ್ದ. "ಎಲ್ಲಿ ಬಂದು ಬಿದ್ದಿ ಲಾಲ್ಯಾ... ಯಾ ಖೋಡಿ ಬುದ್ಧಿ ಬಂತೋ ನಿನಗ..."

ಬಾವಿ ಹತ್ರ ಬಂದ. ಕತ್ತಲಾಗಿಂದ ಯಾರೋ ಮೆತ್ತಗ ಕೇಳಿದ್ರು.

"ಯಾ ಕಡ್ಯಾಂವ, ತಮ್ಮಾ?"

ನಮ್ಮ ಮಾತು! ಲಾಲ್ ಅಹ್ಮದ್ ನಿಂತಬಿಟ್ಟ.

"ರಾವೂರ," ಅಂದ. "ವಾಡಿ ಹತ್ರ."

"ರಾವೂರ..." ಅಂತು ದನಿ. "ಫರಸಿ ಕಲ್ಲಿನ ಖಣಿ ನಡದಾವೇನು?"

"ನಡದಾವ. ನೀ ಯಾ ಊರಾಂವಣ್ಣಾ?"

"ನಿಮ್ಮ ಕಡೀ ಮುಧೋಳ."

ಬ್ಯಾಟ್ರಿ ಹಾಕಿದ. ಬಾವಿ ಕಟ್ಟಿ ಮ್ಯಾಲ ಯಾರೂ ಇಲ್ಲ. ರಾಟಿ ಮಾತ್ರ ಒಮ್ಮಿ ಅಂತು... ಕಿರ್ರ್.

ನೀವಾಗಿದ್ರ ಚಪ್ಪಲಿ ಬಿಟ್ಟು ಓಡ್ತಿದ್ರಿ. ನಾನೂ ಓಡ್ತಿದ್ದೆ. ಅವಗ ಹೆದರಿಕಿ ಬರಲಿಲ್ಲರಿ, ಅಳು ಬಂತು. ಅಷ್ಟ ಒಬ್ಬಂಟಿ ಆಗಿದ್ದ ಅಂವ. ಕತ್ತಲಕ್ಕ ಕೇಳಂಗ ಒದರಿದ, "ಮನಿಗಿ ಬಾ ಅಣ್ಣಾ! ಆ ಗಾಳಿಮರದ ಆಚಿಗಿ, ಹಂಚಿನ ಮನಿ!"



ಈಗ ಕೇಳ್ರಿ, ನೆಲಕ್ಕ ಫರಸಿ ಕಲ್ಲ ಹಾಸೂ ಮನಶ್ಯಾಗ ಸಮುದ್ರದ ಉಸಾಬರಿ ಯಾಕಂತ. ಹನ್ನೊಂದ ವರ್ಷ ಅಂವ ಮಸ್ಕತದಾಗ ಇದ್ದ, ಅಲ್ಲಿನ ಶೇಖ್ ಮಂದಿ ಮನಿಗಳಿಗಿ ನೆಲ ಹಾಕ್ಕೋತ. ಸಮುದ್ರದ ದಂಡಿಗಿ ಒಂದು ಖೋಲಿ. ರಾತ್ರಿ ಅದರ ಸಪ್ಪಳ ಕೇಳ್ಕೋತ ಮಲಗೂದು ರೂಢಿ ಆತು. ಕಾಯಂ ಊರಿಗಿ ಬಂದ ನೋಡ್ರಿ, ನಿದ್ದೀನ ಬರವಲ್ದು. ಹಾಸಗಿ ಮ್ಯಾಲ ಎದ್ದ ಕುಂದ್ರತಿದ್ದ. "ಭಾಳ ಗಪ್ ಅದ ಗುರುಲಿಂಗಣ್ಣ, ಕಿವಿ ಮುಚ್ಚಿಧಂಗ ಆಗ್ತದ" ಅಂತಿದ್ದ. "ಬರೂಮುಂದ ಸಮುದ್ರ ಗಂಟ ಕಟಗೊಂಡು ಬರಬೇಕಿತ್ತಲ್ಲೋ" ಅಂತ ನಾವು ನಗತಿದ್ವಿ. ಅಂವ ನಗಲಿಲ್ಲ. ಹೋಗಿ ಮನೀನ ತಗೊಂಡ ಬಂದ.

ಹೆಂಡತಿ ಗುಲ್ಶನ್. ಹನ್ನೊಂದ ವರ್ಷ ಒಬ್ಬಾಕೀನ ಇದ್ದಾಕಿ. ಮಕ್ಕಳಿಲ್ಲ. ಆಕಿ ಕಾಗದ ಎಲ್ಲಾ ನಾನ ಬರದೀನಿ, ಅವನ ಕಾಗದ ನಾನ ಓದೀನಿ. ಇಬ್ಬರೂ ಬರಸ್ತಿದ್ದದ್ದು ಮೂರ ಸಾಲು. ಆರಾಮ ಇದ್ದೀನಿ. ಆರಾಮ ಇರು. ಹುಷಾರು.

ಮನಿ ತಗೊಂಡೀನಿ ಅಂದಾಗ ಆಕಿ ಗಂಡನ ಮಾರಿ ನೋಡಿ ಅಂದ್ಲು, "ನನಗೊಂದ ಮಾತ ಕೇಳಬಾರದಿತ್ತೇನ್ರಿ? ಹೋಗ್ರಿ. ಮನಿ ನೆಟ್ಟಗ ಮಾಡ್ರಿ. ನೆಲ ಮುಗದ ಮ್ಯಾಲ ಕಾಗದ ಹಾಕ್ರಿ, ನೋಡ್ತೀನಿ." ಬರ್ತೀನಿ ಅನ್ನಲಿಲ್ಲ. ನೋಡ್ತೀನಿ ಅಂದ್ಲು. ಅದ ಒಂದ ಮಾತ ಹಿಡಕೊಂಡು ಹೋಗಿದ್ದ ಲಾಲ್ ಅಹ್ಮದ್. ಆಕಿ ಬರದಿದ್ರ ಆ ಮನಿ ತಗೊಂಡು ಏನ ಮಾಡಬೇಕು?

ಮನ್ಯಾಗ ಒಂದು ಪಡಸಾಲಿ, ಹಿಂದ ಒಂದು ಖೋಲಿ. ಪಡಸಾಲ್ಯಾಗ ಆಗಲೇ ನಮ್ಮ ಶಾಬಾದ ಫರಸಿ ಹಾಕಿತ್ತು. ಯಾರೋ ಹಿಂದ ಹಾಕಿಸಿದ್ರು. ಹಿಂದಿನ ಖೋಲ್ಯಾಗ ಮಾತ್ರ ಅರ್ಧಾ ಮರ್ಧಾ ಬಿಟ್ಟು, ಉಳಿದ ಫರಸಿ ಉಸುಕಿನ್ಯಾಗ ಹಂಗ ಮಲಗಿಸಿ ಹೋಗಿದ್ರು. ಯಾಕ ಅಂತ ಲಾಲ್ ಅಹ್ಮದ್ ಕೇಳಿದ್ರ, ಮನಿ ಮಾರಿದ ಮುದುಕ ಮಾರಿ ಆ ಕಡೀ ತಿರುವಿದ.

ಇಲ್ಲೊಂದ ಮಾತು ನಿಮಗ ಗೊತ್ತಿರಬೇಕು. ದೊಡ್ಡ ಫರಸಿ ಎತ್ತಾಕ ಇಬ್ಬರು ಬೇಕು. ಆ ತುದಿಗೊಬ್ಬ, ಈ ತುದಿಗೊಬ್ಬ. ಖಣ್ಯಾಗ ಗದ್ಲ, ಧೂಳು, ಬಾಯಿಮಾತು ಕೇಳಂಗಿಲ್ಲ. ಅದಕ ಒಬ್ಬಾಂವ ಸುತ್ತಿಗಿ ಕಾವಿಲೆ ಕಲ್ಲಿಗಿ ಎರಡ ಸಲ ಬಡೀತಾನ. ಟಕ್, ಟಕ್. ನಾ ತಯಾರ ಅಂತ. ಇನ್ನೊಬ್ಬಾಂವ ತಿರುಗಿ ಎರಡ ಸಲ ಬಡದ್ರ ಇಬ್ಬರೂ ಕೂಡೇ ಎತ್ತೂದು. ಒಮ್ಮಿ ಬಡದ ಮ್ಯಾಲ ಕೈ ಬಿಡೂ ಮಾತಿಲ್ಲ. ಬಿಟ್ರ ಆ ಕಡ್ಯಾಂವನ ಕೈ ಹೋತು. ಹತ್ತ ವರ್ಷದ ಹುಡುಗ ಇದ್ದಾಗಿಂದ ಲಾಲ್ ಅಹ್ಮದನ ಕೈಗಿ ಇದು ಗೊತ್ತು.

ಬಾವಿ ಹತ್ರ ದನಿ ಕೇಳಿದ ಮರುದಿನ ರಾತ್ರಿ. ಪಡಸಾಲ್ಯಾಗ ಮಲಗ್ಯಾನ. ಅರೆ ನಿದ್ದಿ. ಹಿಂದಿನ ಖೋಲ್ಯಾಗ...

ಟಕ್. ಟಕ್.

ಎಚ್ಚರ ಆಗೂದಕ್ಕೂ ಮೊದಲ ಅವನ ಕೈ ಎದ್ದಿತ್ತು. ಮಗ್ಗಲದಾಗ ಇದ್ದ ಸುತ್ತಿಗಿ ಹಿಡದು ನೆಲಕ್ಕ ಬಡೀತು.

ಟಕ್. ಟಕ್.

ಆಮ್ಯಾಲ ಎಚ್ಚರ ಆತು. ಆದ್ರ ಆಗಿದ್ದು ಆಗಿಹೋಗಿತ್ತು. ಒಳಗ ಉಸುಕಿನ್ಯಾಗಿಂದ ಕಲ್ಲು ಏಳೂ ಸಪ್ಪಳ... ಸರ್ರ್... ಒಂದ ತುದಿ ಮಾತ್ರ. ಒಬ್ಬನ ತುದಿ. ಆ ತುದಿ ಕಾಯಾಕತ್ತಿತ್ತು.

ಫರಸಿ ಕೆಲಸದಾಂವ ಏನ ಮಾಡಬೇಕು ಹೇಳ್ರಿ? ಎದ್ದು ಹೋದ. ಕತ್ತಲಾಗ ಬಗ್ಗಿ, ಕೈ ಆಡಿಸಿ, ತನ್ನ ತುದಿ ಹಿಡಿದ. ಆ ಕಡಿಂದ ಭಾರ ಸಮ ಆತು. ಎರಡೂ ಕಡಿಂದ ಎತ್ತಿ, ಸರಿಸಿ, ಗಚ್ಚಿನ ಮ್ಯಾಲ ಇಳಿಸಿದ್ರು. ಕಲ್ಲು ಕುಂತ ಸಪ್ಪಳ... ದಬ್ಬ್. ಸಂದಿಗಿ ಸಂದಿ ಕೂಡಿತ್ತು.

"ದೀಪ ಹಚ್ಚಲೇನು?" ಅಂದ ಲಾಲ್ ಅಹ್ಮದ್.

"ಬ್ಯಾಡ."

"ಯಾರಣ್ಣಾ ನೀ?"

"ಸಾಯಬಣ್ಣ. ಮುಧೋಳದಾಂವ."

"ಇಲ್ಲೇನ ಮಾಡ್ತಿ?"

"ಈ ಮನಿಗಿ ನೆಲ ಹಾಕಾಕ ಬಂದಿದ್ದೆ... ಜೋಡಿದಾಂವ ಊರಿಗಿ ಹೋಗಿ ಬರ್ತೀನಂದ. ಬರಲಿಲ್ಲ."

"ಆಮ್ಯಾಲ?"

"ಒಬ್ಬನ ಎತ್ತಿದೆ."

ಕಲ್ಲು ಯಾರ ಮ್ಯಾಲ ಬಿತ್ತಂತ ಲಾಲ್ ಅಹ್ಮದಗ ತಿಳೀತು.

ಮುಂಜಾನಿ ಎದ್ದು ಊರಿಗಿ ಬರಬೇಕಲ್ಲ? ಬರಲಿಲ್ಲ. ನಾ ಬೈದೀನಿ ಅವಗ, ಹುಚ್ಚಪ್ಯಾಲಿ ಅಂತ. "ಏನ ಮಾಡ್ಲಿ ಗುರುಲಿಂಗಣ್ಣ, ಮಾತಾಡಾಕ ಒಬ್ಬಾಂವ ಸಿಕ್ಕಿದ್ದ" ಅಂದ. ಹನ್ನೊಂದ ವರ್ಷ ಮಸ್ಕತದಾಗ ಸಿಗದಿದ್ದು ಅಲ್ಲಿ ಸಿಕ್ಕಿತ್ತು. ದಿನಾ ರಾತ್ರಿ ಟಕ್, ಟಕ್. ದಿನಾ ಒಂದು ಫರಸಿ. ನಡನಡಕ ಪಿಸಪಿಸ ಮಾತು. ಗುಂಡಗುರ್ತಿ ಕಡಿ ತೊಗರಿ ಹೆಂಗದ... ಕಾಗಿಣಾ ಹೊಳ್ಯಾಗ ನೀರ ಅದಾವೇನು... ಹಿಂಗ. ಹಗಲು ಮಲಗೂದು, ರಾತ್ರಿ ಹಾದಿ ನೋಡೂದು.

ಎಂಟ ದಿನದಾಗ ಐದ ಫರಸಿ ಉಳದ್ವು. ಲಾಲ್ ಅಹ್ಮದ್ ಟಪಾಲ ಕಚೇರಿಗಿ ಹೋಗಿ ಕಾಗದ ಬರಸಿದ. ನೆಲ ಮುಗೀಲಿಕ್ಕ ಬಂದದ, ಬಾ.

ಅವತ್ತ ರಾತ್ರಿ ಸಾಯಬಣ್ಣ ಕೇಳಿದ, "ನೆಲ ಮುಗದ ಮ್ಯಾಲ ಯಾರ ಬರ್ತಾರ?"

"ನನ್ನ ಹೆಂಡತಿ."

ಸಮುದ್ರ ಮೂರ ಸಲ ಧಪ್ ಅಂತು.

"ಮತ್ತ ನಾ?"

ಅವತ್ತಿಂದ ಲಾಲ್ ಅಹ್ಮದಗ ಹೆದರಿಕಿ ಸುರು ಆತು. ಈ ಖೋಲ್ಯಾಗ ಗುಲ್ಶನ್ ಮಲಗಬೇಕು. ಸಾಯಬಣ್ಣ ಎಲ್ಲಿಗೂ ಹೋಗೂ ಪೈಕಿ ಅಲ್ಲ. ಒಂದು ರಾತ್ರಿ, ಎರಡು, ಮೂರು... ಅಂವ ಮಾತಾಡಿದ್ರ ಇಂವ ಹೂಂ ಅನ್ನೂದೂ ಬಿಟ್ಟ.

ಕಡೀ ಫರಸಿ. ಟಕ್, ಟಕ್. ಈ ಕಡಿಂದ ಟಕ್, ಟಕ್. ಇಬ್ಬರೂ ಎತ್ತಿದ್ರು. ಮೊಣಕಾಲ ಮಟ ಬಂತು. ಆ ಕಡಿಂದ ಮೆತ್ತಗ ಕೇಳಿತು, "ಆಕಿಗಿ ನನ್ನ ವಿಷಯ ಹೇಳ್ತೀಯೇನು, ತಮ್ಮಾ?"

ಲಾಲ್ ಅಹ್ಮದ್ ಕೈ ಬಿಟ್ಟ.

ಬೇಕಂತ ಬಿಟ್ಟ. ನನ್ನ ಮುಂದ ಅಳಕೋತ ಒಪ್ಪಿಕೊಂಡಾನ. ಫರಸಿ ಬಿತ್ತು. ಕಲ್ಲಿನ ಮ್ಯಾಲ ಕಲ್ಲು ಬಿದ್ದ ಸಪ್ಪಳ ಬರಲಿಲ್ಲರಿ... ಮೆತ್ತಗ ಬಂತು. ಒದರಾಟ ಇಲ್ಲ, ನರಳಾಟ ಇಲ್ಲ. ಒಂದ ಉಸರು, ಅಷ್ಟ.

ಓಡಿದ. ಬರಿಗಾಲಿಲೆ, ಬಾವಿ ದಾಟಿ, ರಸ್ತೇತನಕ. ಮುಂಜಾನಿ ಬಸ್ಸು, ಹುಬ್ಬಳ್ಳಿಯಿಂದ ಗಾಡಿ, ಮರುದಿನ ಸಂಜಿಗಿ ರಾವೂರ. ನಾ ಕಟ್ಟಿ ಮ್ಯಾಲ ಕುಂತಿದ್ದೆ. ಅವನ ಮನಿಗಿ ಕೀಲಿ ಹಾಕಿತ್ತು.

"ಗುಲ್ಶನ್ ಎಲ್ಲಿ?" ಅಂದ.

"ನಿನ್ನಿನ ಹೋದಳಲ್ಲೋ! ನೀನ ಬಾ ಅಂತ ಬರಸಿದ್ದೆಲ್ಲ? ವಾಡಿಗಿ ಹೋಗಿ ಗಾಡಿ ಹತ್ತಿಸಿ ಬಂದೀನಿ."

ಅವನ ಮಾರಿ ನೋಡಬೇಕಿತ್ತು ನೀವು. ಅಲ್ಲೇ ಮಣ್ಣಾಗ ಕುಂತಬಿಟ್ಟ. ಎಲ್ಲಾ ಹೇಳಿದ. ಒಬ್ಬನ್ನ ಹೆಂಗ ಕಳಿಸಲಿ, ರಾತ್ರಿ ಗಾಡಿಗಿ ನಾನೂ ಅವನ ಸಂಗಟ ಹೊಂಟೆ.

ಮುಟ್ಟಿದಾಗ ಹೊತ್ತು ಇಳದಿತ್ತು. ಗುಲ್ಶನ್ ಬಾಗಲ ಮುಂದ ಕುಂತು ಅಕ್ಕಿ ಹಸನ ಮಾಡಾಕತ್ತಿದ್ಲು. ಆರಾಮ ಇದ್ಲು. ಮಾರಿ ಮ್ಯಾಲ ಒಂದ ಕಳಾ ಇತ್ತು, ನಾ ಎಂದೂ ನೋಡದ ಕಳಾ. ಗಂಡನ್ನ ನೋಡಿ ನಕ್ಕಳು.

"ಮುಂಜಾನಿ ಎದ್ದು ಎಲ್ಲಿ ಹೋಗಿದ್ರಿ? ರಾತ್ರಿಯೆಲ್ಲಾ ಮಾತಾಡ್ತೀರಿ, ಬೆಳಗಾದ್ರ ಮಾಯ."

"ರಾತ್ರಿ?" ಅಂದ ಲಾಲ್ ಅಹ್ಮದ್.

"ಒಳಗ ಕೆಲಸ ಮಾಡ್ಕೋತ ಮಾತಾಡಿದ್ರೆಲ್ಲ, ನಾ ಪಡಸಾಲ್ಯಾಗ ಕುಂತು ಕೇಳ್ತಿದ್ದೆ. ದೀಪ ಬ್ಯಾಡ ಅಂದ್ರಿ. ಕನ್ನಡದಾಗ ಮಾತಾಡಿದ್ರಿ. ಮನ್ಯಾಗ ನಾವು ಉರ್ದು ಬಿಟ್ಟು ಎಂದೂ ಕನ್ನಡ ಮಾತಾಡಂಗಿಲ್ಲ, ಇದೇನ ಹೊಸಾದು ಅಂತ ನಕ್ಕೆ ನಾ."

"ಗುಲ್ಶನ್... ಅದು ನಾ ಅಲ್ಲ."

ಆಕಿ ಅಕ್ಕಿ ಮೊರ ಕೆಳಗ ಇಟ್ಟಳು. ಹೊಳ್ಳಿ ಖೋಲಿ ಕಡಿ ನೋಡಿದ್ಲು. ನಾನೂ ಬಗ್ಗಿ ನೋಡಿದೆ. ಕಡೀ ಫರಸಿ ಕುಂತಿತ್ತು, ನೂಲ ಹಿಡದಂಗ ನೆಟ್ಟಗ. ಹೋಗಿ ಸಂದಿಗಿ ಬೆರಳ ಹಚ್ಚಿದೆ. ಗಚ್ಚು ಹಸೀ ಇತ್ತು.

ಗುಲ್ಶನ್ ಅಂದ್ಲು, ಗಂಡನ ಮಾರಿ ನೋಡದ, "ಹನ್ನೊಂದ ವರ್ಷ ಒಬ್ಬಾಕಿ ಹೆಂಗ ಕಳದಿ ತಂಗೀ, ಅಂತ ಕೇಳಿದ್ರು. ತಂಗೀ ಅಂದಾಗನ ನನಗ ತಿಳೀಬೇಕಿತ್ತು." ಸೆರಗಿಲೆ ಕಣ್ಣ ಒರಸಿಕೊಂಡ್ಲು. "ಎಲ್ಲಾ ಹೇಳಿದೆ. ಹಬ್ಬದ ದಿನ ಒಬ್ಬಾಕೀನ ಉಂಡದ್ದು ಹೇಳಿದೆ. ನೀವು ಒಂದ ದಿನರ ಕೇಳಿದ್ರೇನ್ರಿ?"

ಲಾಲ್ ಅಹ್ಮದ್ ಆಕಿ ಕಡಿ ಒಂದ ಹೆಜ್ಜಿ ಇಟ್ಟ.

"ನೀವ ಹೋಗ್ರಿ," ಅಂದ್ಲು. "ನಾ ಇಲ್ಲೇ ಇರ್ತೀನಿ."

ನಾ ಆಕಿಗಿ ಕೈ ಮುಗದೆ, ಬೈದೆ, ಹೆದರಿಸಿದೆ. ಕೇಳಲಿಲ್ಲ. ಲಾಲ್ ಅಹ್ಮದ್ ತನ್ನ ಮನಿ ಹೊಸ್ತಿಲ ದಾಟಲಿಲ್ಲರಿ. ಕಾಲ ಎತ್ತತಿದ್ದ, ಇಡಾಕ ಆಗತಿರಲಿಲ್ಲ. ಕಡಿಗಿ ನಾವಿಬ್ಬರ ಹೊಳ್ಳಿ ಬಂದ್ವಿ.

ಈಗ ಅಂವ ಇಲ್ಲೇ ಅದಾನ, ಈ ಗೋಡಿ ಆಚಿಗಿ. ನಿದ್ದಿ ಇಲ್ಲ. ತಿಂಗಳಿಗೊಂದು ಕಾಗದ ಬರ್ತದ, ನಾನ ಓದಿ ಹೇಳ್ತೀನಿ. ಅಲ್ಲಿ ಟಪಾಲ ಕಚೇರ್ಯಾಗ ಯಾರೋ ಬರದ ಕೊಡ್ತಾರ. ಗುಲ್ಶನ್ ಆರಾಮ ಅದಾಳ, ಮಳಿ ಜೋರ ಅದ, ನೀವು ಬರೂ ತ್ರಾಸ ತಗೋಬ್ಯಾಡ್ರಿ. ಅಷ್ಟ ಇರ್ತದ. ಕೆಳಗ ಆಕಿ ಹೆಬ್ಬೆಟ್ಟು, ಸಣ್ಣದು, ನನಗ ಗುರ್ತ ಅದ.

ಅದರ ಮಗ್ಗಲಕ ಇನ್ನೊಂದು ಹೆಬ್ಬೆಟ್ಟು ಇರ್ತದ. ಗಂಡಸರದು. ಲಾಲ್ ಅಹ್ಮದಗ ನಾ ಅದನ್ನ ತೋರಿಸಿಲ್ಲ, ಹೇಳಿನೂ ಇಲ್ಲ. ನಂಬದಿದ್ರ ಬಿಡ್ರಿ, ನಾಳಿ ಹಗಲ ಹೊತ್ತಿನ್ಯಾಗ ಬರ್ರಿ, ಕಾಗದ ಎಲ್ಲಾ ಇಟ್ಟೀನಿ. ಆ ಹೆಬ್ಬೆಟ್ಟು ಜಜ್ಜಿ ಚಪ್ಪಟ ಆಗ್ಯಾದ, ನಡಬರಕ ಸೀಳ್ಯಾದ.